ಜೀವದೀಪ್ತಿ: ಜೀವಂತ ಕೋಶಗಳನ್ನು ಅವುಗಳದೇ ಬೆಳಕಿನಲ್ಲಿ ಕಾಣುವ ವಿಧಾನ

ಜೀವಿಯ ಮೈಯೊಳಗೆ ನಡೆಯುವ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ತಣ್ಣನೆಯ ಬೆಳಕಿಗೆ ಜೀವದೀಪ್ತಿ ಎಂದು ಹೆಸರು. ಮುಂಗಾರು ಹಿಡಿಯುವ ಮುನ್ನ ಮಲೆನಾಡಿನ ಮರಗಳನ್ನು ತುಂಬಿ ಮಿನುಗುವ ಮಿಂಚುಹುಳುಗಳು, ಕೆಲವು ರಾತ್ರಿ ಕರಾವಳಿಯಲ್ಲಿ ಅಲೆ ಒಡೆದಲ್ಲೆಲ್ಲ ನೀಲಿಯಾಗಿ ಹೊಳೆಯುವ ನಾಕ್ಟಿಲ್ಯೂಕಾ ಎಂಬ ಏಕಕೋಶಜೀವಿ, ಮಳೆಗಾಲದ ಕಾಡಿನಲ್ಲಿ ಕೊಳೆತ ಕಟ್ಟಿಗೆಯ ಮೇಲೆ ಮಂಕಾಗಿ ಬೆಳಗುವ ಅಣಬೆ, ಇವು ಇಲ್ಲಿಯ ಓದುಗರಿಗೆ ಹತ್ತಿರದ ಉದಾಹರಣೆಗಳು. ಕಳೆದ ಆರು ದಶಕಗಳಲ್ಲಿ, ಅದರಲ್ಲೂ 1985ರ ನಂತರ, ಈ ಬೆಳಕು ಜೀವವಿಜ್ಞಾನದ ಮುಖ್ಯ ಉಪಕರಣಗಳಲ್ಲಿ ಒಂದಾಗಿ ಬೆಳೆದಿದೆ. ಬೆಳಗುವ ಜೀವಿಯ ವಂಶವಾಹಿಯನ್ನು ಬೆಳಗದ ಜೀವಿಯ ಕೋಶಗಳಿಗೆ ಸೇರಿಸಿ, ಆ ಕೋಶಗಳು ಎಷ್ಟಿವೆ, ಎಲ್ಲಿವೆ, ಏನು ಮಾಡುತ್ತಿವೆ ಎಂಬುದನ್ನು ಜೀವಿಯನ್ನು ಕೊಲ್ಲದೆ, ಕೊಯ್ಯದೆ, ಹೊರಗಿನಿಂದಲೇ ವಾರಗಟ್ಟಲೆ ಗಮನಿಸುವುದು ಇಂದು ಪ್ರಯೋಗಾಲಯಗಳ ನಿತ್ಯದ ಕೆಲಸವಾಗಿದೆ.

ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಹೊರಗಿನ ದೀಪದ ಬೆಳಕು ವಸ್ತುವನ್ನು ಹಾದು ಕಣ್ಣಿಗೆ ಬರುತ್ತದೆ. ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದಲ್ಲಿ ಹೊರಬಿಡುವ ಪ್ರತಿದೀಪ್ತಿಯ ವಿಧಾನದಲ್ಲಿಯೂ ಹೊರಗಿನಿಂದ ಬೆಳಕು ಚೆಲ್ಲಲೇಬೇಕು; ಹಾಗೆ ಚೆಲ್ಲಿದಾಗ ಗುರುತಿಟ್ಟ ಅಣುಗಳೊಂದಿಗೆ ಚರ್ಮ, ರಕ್ತ, ಎಲೆಯ ಹಸಿರು, ಹೊಟ್ಟೆಯಲ್ಲಿರುವ ಆಹಾರ ಎಲ್ಲವೂ ಅಷ್ಟಿಷ್ಟು ಹೊಳೆದು ಹಿನ್ನೆಲೆಯನ್ನು ಮಸುಕಾಗಿಸುತ್ತವೆ, ಬಲವಾದ ಬೆಳಕು ಕೋಶಗಳಿಗೆ ಹಾನಿಯನ್ನೂ ಮಾಡುತ್ತದೆ. ಜೀವದೀಪ್ತಿಯಲ್ಲಿ ಹೊರಗಿನ ಬೆಳಕೇ ಬೇಡವಾದ್ದರಿಂದ ಹಿನ್ನೆಲೆ ಬಹುಮಟ್ಟಿಗೆ ಕಪ್ಪಾಗಿರುತ್ತದೆ, ಮತ್ತು ಆ ಕಪ್ಪಿನ ಮೇಲೆ ಅತಿ ಕ್ಷೀಣವಾದ ಬೆಳಕೂ ಎದ್ದು ಕಾಣುತ್ತದೆ. ಆದರೆ ಕ್ಯಾಮೆರಾ ಇಲ್ಲಿ ದಾಖಲಿಸುವುದು ಒಂದು ರಾಸಾಯನಿಕ ಕ್ರಿಯೆಯ ವೇಗವನ್ನು ಎಂಬುದನ್ನು ಮರೆಯುವಂತಿಲ್ಲ. ಆ ಕ್ರಿಯೆಗೆ ಬೇಕಾದ ಒಂದೊಂದು ವಸ್ತುವೂ ಒಂದೊಂದು ಅಳತೆಗೋಲಾಗಬಲ್ಲದು, ಮತ್ತು ಅದೇ ವಸ್ತು ಅಳೆಯುವವರನ್ನು ದಾರಿ ತಪ್ಪಿಸಲೂ ಬಲ್ಲದು. ಈ ವಿಧಾನದ ಇತಿಹಾಸವನ್ನೂ ಅದರ ಇಂದಿನ ಇಕ್ಕಟ್ಟುಗಳನ್ನೂ ಈ ಒಂದು ನೆಲೆಯಿಂದ ನೋಡಿದರೆ ಚದುರಿದಂತೆ ತೋರುವ ಸಂಗತಿಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಬೆಳಕಿಗೆ ಬೇಕಾದ ವಸ್ತುಗಳಲ್ಲಿ ಮೊದಲು ಪತ್ತೆಯಾದದ್ದು ಗಾಳಿ. 1667ರಲ್ಲಿ ರಾಬರ್ಟ್ ಬಾಯ್ಲ್ ತನ್ನ ಗಾಳಿಯಂತ್ರದಿಂದ ಗಾಜಿನ ಪಾತ್ರೆಯೊಳಗಿನ ಗಾಳಿಯನ್ನು ಹೊರತೆಗೆದಾಗ ಅದರಲ್ಲಿದ್ದ ಬೆಳಗುವ ಕಟ್ಟಿಗೆ ಮಂಕಾದದ್ದನ್ನೂ ಗಾಳಿಯನ್ನು ಮರಳಿ ಬಿಟ್ಟಾಗ ಅದು ಮತ್ತೆ ಬೆಳಗಿದ್ದನ್ನೂ ದಾಖಲಿಸಿದ; ಆಮ್ಲಜನಕದ ಹೆಸರೇ ಇಲ್ಲದ ಕಾಲದ ಪ್ರಯೋಗವದು. ಎರಡು ಶತಮಾನಗಳ ನಂತರ ಫ್ರಾನ್ಸಿನ ರಫಾಯೆಲ್ ದ್ಯುಬ್ವಾ ಬೆಳಗುವ ಚಿಪ್ಪುಜೀವಿಯ ರಸವನ್ನು ಎರಡು ಬಗೆಯಲ್ಲಿ ತೆಗೆದ. ತಣ್ಣೀರಿನಲ್ಲಿ ತೆಗೆದ ರಸ ಸ್ವಲ್ಪ ಹೊತ್ತು ಬೆಳಗಿ ಆರಿಹೋಯಿತು, ಬಿಸಿನೀರಿನಲ್ಲಿ ತೆಗೆದದ್ದು ಬೆಳಗಲೇ ಇಲ್ಲ, ಆದರೆ ಆರಿದ ತಣ್ಣನೆಯ ರಸಕ್ಕೆ ಬಿಸಿನೀರಿನ ರಸವನ್ನು ಬೆರೆಸಿದ ಕೂಡಲೇ ಬೆಳಕು ಮರಳಿತು. ಬಿಸಿಗೆ ಕೆಡದೆ ಉರುವಲಿನಂತೆ ಖರ್ಚಾಗುವ ವಸ್ತುವಿಗೆ ಲೂಸಿಫೆರಿನ್ ಎಂದೂ, ಬಿಸಿಗೆ ಕೆಡುವ, ಆ ಉರುವಲನ್ನು ಆಮ್ಲಜನಕದೊಂದಿಗೆ ಕೂಡಿಸುವ ಕಿಣ್ವಕ್ಕೆ ಲೂಸಿಫೆರೇಸ್ ಎಂದೂ 1887ರ ಹೊತ್ತಿಗೆ ಅವನು ಕೊಟ್ಟ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಇವು ಎರಡು ನಿರ್ದಿಷ್ಟ ವಸ್ತುಗಳ ಹೆಸರುಗಳಲ್ಲ, ಎರಡು ಪಾತ್ರಗಳ ಹೆಸರುಗಳು: ಮಿಂಚುಹುಳುವಿನ ಲೂಸಿಫೆರಿನ್ ಬೇರೆ, ಸಮುದ್ರಜೀವಿಗಳ ಕೋಯೆಲೆಂಟೆರಜೀನ್ ಬೇರೆ, ಬ್ಯಾಕ್ಟೀರಿಯಾ ಮತ್ತು ಅಣಬೆಗಳದು ಇನ್ನೂ ಬೇರೆ. ವಿಕಾಸದ ಹಾದಿಯಲ್ಲಿ ಬೆಳಕಿನ ವಿದ್ಯೆ ಹಲವು ಸಲ ಸ್ವತಂತ್ರವಾಗಿ ಹುಟ್ಟಿದೆ ಎಂಬುದಕ್ಕೆ ಇದೇ ಪುರಾವೆ.

ಮೂರನೆಯ ವಸ್ತು ಬೆಳಕನ್ನು ಅಳತೆಗೋಲಾಗಿಸಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಮೆಕ್‌ಎಲ್ರಾಯ್, ಊರಿನ ಮಕ್ಕಳಿಗೆ ಚಿಲ್ಲರೆ ಕಾಸು ಕೊಟ್ಟು ಹಿಡಿಸಿದ ಮಿಂಚುಹುಳುಗಳ ಹೊಳೆಯುವ ಭಾಗವನ್ನು ಅರೆದು ತೆಗೆದ ರಸಕ್ಕೆ ಎಟಿಪಿಯನ್ನು ಸೇರಿಸಿದರೆ ಆರಿದ ಬೆಳಕು ಮರಳುತ್ತದೆಂದು 1947ರಲ್ಲಿ ತೋರಿಸಿದರು. ಎಟಿಪಿ ಎಂಬುದು ಎಲ್ಲ ಜೀವಕೋಶಗಳೂ ಶಕ್ತಿಯ ವ್ಯವಹಾರಕ್ಕೆ ಬಳಸುವ ಅಣು, ಕೋಶದ ನಾಣ್ಯವೆಂದರೂ ಸಲ್ಲುತ್ತದೆ. ಕೋಶ ಸತ್ತರೆ ಅದು ಬೇಗನೆ ಕರಗಿಹೋಗುತ್ತದೆ. ಮಿಂಚುಹುಳುವಿನ ಕಿಣ್ವ ಮೊದಲು ಲೂಸಿಫೆರಿನ್ನಿಗೆ ಎಟಿಪಿಯ ಒಂದು ಭಾಗವನ್ನು ಜೋಡಿಸುತ್ತದೆ, ಬಳಿಕ ಆಮ್ಲಜನಕವನ್ನು ಕೂಡಿಸುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಉಳಿಯುವ ಉದ್ರಿಕ್ತ ಅಣು ತನ್ನ ಹೆಚ್ಚಿನ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಟ್ಟು ಶಾಂತವಾಗುತ್ತದೆ. ಹಾಗಾದರೆ ಲೂಸಿಫೆರಿನ್ ಮತ್ತು ಕಿಣ್ವವನ್ನು ಸಾಕಷ್ಟು ಕೊಟ್ಟು ಬೆಳಕನ್ನು ಅಳೆದರೆ ಎಟಿಪಿ ಎಷ್ಟಿದೆಯೆಂದು ತಿಳಿಯಬಹುದು, ಅದರಿಂದ ಜೀವಂತ ಕೋಶಗಳು ಎಷ್ಟಿವೆಯೆಂದು ಅಂದಾಜಿಸಬಹುದು. ಆಹಾರ ತಯಾರಿಸುವ ಕಾರ್ಖಾನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಮೇಜು ಪಾತ್ರೆಗಳು ನಿಜಕ್ಕೂ ಶುಚಿಯಾಗಿವೆಯೇ ಎಂದು ಕ್ಷಣದಲ್ಲಿ ತಿಳಿಸುವ ಪರೀಕ್ಷೆ ಇಂದಿಗೂ ಈ ತತ್ವದ ಮೇಲೆಯೇ ನಡೆಯುತ್ತದೆ.

ಜೀವಂತ ಕೋಶದೊಳಗಿನ ಘಟನೆಯನ್ನು ಬೆಳಕಿನಿಂದ ಮೊದಲು ಕಂಡದ್ದು ಮಾತ್ರ ಇನ್ನೊಂದು ಜೀವಿಯ ನೆರವಿನಿಂದ. 1961ರ ಬೇಸಿಗೆಯಲ್ಲಿ ಒಸಾಮು ಶಿಮೊಮುರಾ ಮತ್ತು ಫ್ರಾಂಕ್ ಜಾನ್ಸನ್ ಅಮೆರಿಕದ ವಾಯವ್ಯ ಕರಾವಳಿಯ ಫ್ರೈಡೇ ಹಾರ್ಬರ್‌ನಲ್ಲಿ ಏಕೋರಿಯಾ ಎಂಬ ಅಂಬಲಿ ಮೀನಿನ, ಅಂದರೆ ಜೆಲ್ಲಿಫಿಶ್‌ನ, ಬೆಳಕನ್ನು ಬೇರ್ಪಡಿಸಲು ಹೆಣಗಿದರು. ಲೂಸಿಫೆರಿನ್ ಮತ್ತು ಲೂಸಿಫೆರೇಸ್‌ಗಳ ಹಳೆಯ ಜೋಡಿಯನ್ನೇ ಹುಡುಕುತ್ತಿದ್ದ ಅವರ ಪ್ರಯತ್ನಗಳೆಲ್ಲ ವಿಫಲವಾದವು. ಕೊನೆಗೆ ಆಮ್ಲದಿಂದ ಬೆಳಕನ್ನು ತಡೆದು, ಬಳಿಕ ಆಮ್ಲವನ್ನು ತಟಸ್ಥಗೊಳಿಸಿದಾಗ ಬೆಳಕು ಮರಳುವುದನ್ನು ಶಿಮೊಮುರಾ ಕಂಡರು. ಉಳಿದ ರಸವನ್ನು ತೊಟ್ಟಿಗೆ ಚೆಲ್ಲಿದಾಗಲಂತೂ ತೊಟ್ಟಿಯ ಒಳಭಾಗ ನೀಲಿಯಾಗಿ ಫಳಕ್ಕನೆ ಹೊಳೆಯಿತು. ಮೀನಿನ ತೊಟ್ಟಿಯಿಂದ ತುಳುಕಿದ ಸಮುದ್ರದ ನೀರು ಅಲ್ಲಿಗೆ ಹರಿದುಬರುತ್ತಿತ್ತು, ಮತ್ತು ಆ ನೀರಿನ ಕ್ಯಾಲ್ಸಿಯಂ ಬೆಳಕನ್ನು ಹೊತ್ತಿಸಿತ್ತು. ಆ ಬೇಸಿಗೆಯಲ್ಲಿ ಸುಮಾರು 10,000 ಅಂಬಲಿ ಮೀನುಗಳ ಅಂಚನ್ನು ಕತ್ತರಿಸಿ ಸಂಗ್ರಹಿಸಿದ ರಸದಿಂದ ದೊರೆತದ್ದು ಕೆಲವೇ ಮಿಲಿಗ್ರಾಂ ಪ್ರೋಟೀನು, ಅದಕ್ಕೆ ಏಕೋರಿನ್ ಎಂದು ಹೆಸರಾಯಿತು. ಅದರ ಜೊತೆಯಲ್ಲೇ ಕಂಡ ಇನ್ನೊಂದು ಹಸಿರು ಪ್ರೋಟೀನಿಗೆ ಸಂಬಂಧಿಸಿದ ಕೆಲಸಕ್ಕೆ 2008ರಲ್ಲಿ ಶಿಮೊಮುರಾ, ಮಾರ್ಟಿನ್ ಚಾಲ್ಫೀ ಮತ್ತು ರೋಜರ್ ಚಿಯೆನ್ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಆ ಹಸಿರು ಪ್ರೋಟೀನಿನ ಖ್ಯಾತಿಯ ಮುಂದೆ ಏಕೋರಿನ್ ಸಾರ್ವಜನಿಕರಿಗೆ ಮರೆತೇಹೋದಂತಾಗಿದೆ, ಇದು ನ್ಯಾಯವಲ್ಲ.

ಏಕೆಂದರೆ ಸ್ನಾಯು ಸಂಕುಚಿಸುವುದರಿಂದ ಹಿಡಿದು ನರಗಳು ಸಂದೇಶ ಕಳಿಸುವವರೆಗೆ ಕೋಶದ ಅಸಂಖ್ಯ ಕೆಲಸಗಳಿಗೆ ಕ್ಯಾಲ್ಸಿಯಂ ಸಂಕೇತವಾಗಿರುತ್ತದೆ, ಮತ್ತು ಆ ಸಂಕೇತವನ್ನು ಕ್ಷಣಕ್ಷಣಕ್ಕೂ ಕಾಣುವ ಮೊದಲ ಸಾಧನವನ್ನು ಏಕೋರಿನ್ ಒದಗಿಸಿತು. 1967ರಲ್ಲಿ ರಿಜ್‌ವೇ ಮತ್ತು ಆಶ್ಲೀ ಬಾರ್ನಕಲ್ ಎಂಬ ಕಡಲಜೀವಿಯ ದಪ್ಪ ಸ್ನಾಯುವಿನ ಎಳೆಗೆ ಏಕೋರಿನ್ ಚುಚ್ಚಿ, ಸ್ನಾಯು ಬಿಗಿಯುವ ಮುನ್ನ ಬೆಳಕು ಏರುವುದನ್ನು ತೋರಿಸಿದರು. 1978ರಲ್ಲಿ ಮೆಡಾಕಾ ಮೀನಿನ ಮೊಟ್ಟೆಗೆ ವೀರ್ಯಾಣು ತಾಗಿದ ಕಡೆಯಿಂದ ಕ್ಯಾಲ್ಸಿಯಮ್ಮಿನ ಬೆಳಕಿನ ಅಲೆಯೊಂದು ಮೊಟ್ಟೆಯ ಇನ್ನೊಂದು ತುದಿಯವರೆಗೆ ಸಾಗುವುದು ಚಿತ್ರವಾಗಿ ಸೆರೆಸಿಕ್ಕಿತು. ಹೊಸ ಜೀವ ಮೊದಲಾಗುವ ಘಳಿಗೆಯನ್ನು ಹೀಗೆ ಬೆಳಕಾಗಿ ಕಂಡದ್ದು ಜೀವವಿಜ್ಞಾನದ ಸುಂದರ ಸಾಧನೆಗಳಲ್ಲಿ ಒಂದು. ವಂಶವಾಹಿ ಕೈಗೆ ಬಂದ ಮೇಲೆ ಚುಚ್ಚುವ ಅಗತ್ಯವೂ ತಪ್ಪಿತು: 1991ರಲ್ಲಿ ಎಡಿನ್‌ಬರೋದ ವಿಜ್ಞಾನಿಗಳು ಏಕೋರಿನ್ ತಯಾರಿಸುವ ತಂಬಾಕಿನ ಸಸಿಗಳನ್ನು ಬೆಳೆಸಿ, ಸಸಿಯನ್ನು ಮುಟ್ಟಿದರೂ ತಣ್ಣಗಾಗಿಸಿದರೂ ಅದರ ಕೋಶಗಳಲ್ಲಿ ಕ್ಯಾಲ್ಸಿಯಂ ಏರುವುದನ್ನು ಕಂಡರು, ಮರುವರ್ಷ ಇಟಲಿಯಲ್ಲಿ ರಿಜ್ಜುಟೊ, ಪೊಜ್ಜಾನ್ ಮತ್ತು ಸಂಗಡಿಗರು ಏಕೋರಿನ್ನನ್ನು ಕೋಶದ ಮೈಟೋಕಾಂಡ್ರಿಯಾದೊಳಕ್ಕೇ ಕಳಿಸಿ ಅಲ್ಲಿಯ ಕ್ಯಾಲ್ಸಿಯಂ ಬದಲಾವಣೆಯನ್ನು ಅಳೆದರು.

ಮಿಂಚುಹುಳುವಿನ ಲೂಸಿಫೆರೇಸ್‌ನ ವಂಶವಾಹಿಯನ್ನು 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾರ್ಲೀನ್ ಡಿಲೂಕಾ ಮತ್ತು ಡೊನಾಲ್ಡ್ ಹೆಲಿನ್‌ಸ್ಕಿ ಅವರ ಗುಂಪುಗಳು ಪ್ರತ್ಯೇಕಿಸಿದವು. ಮರುವರ್ಷವೇ ಆ ವಂಶವಾಹಿಯನ್ನು ಹೊತ್ತ ತಂಬಾಕಿನ ಗಿಡ, ಲೂಸಿಫೆರಿನ್ ಬೆರೆಸಿದ ನೀರನ್ನು ಕುಡಿದು ಬೆಳಗಿತು. ಆ ಗಿಡದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಹರಿದಾಡಿತಾದರೂ ಅದರ ನಿಜವಾದ ಮಹತ್ವ ಬೇರೆಯದು. ಪ್ರತಿ ವಂಶವಾಹಿಯ ಮುಂದೆ ಅದು ಯಾವಾಗ ಕೆಲಸ ಮಾಡಬೇಕೆಂದು ನಿರ್ಧರಿಸುವ ಪ್ರವರ್ತಕ ಎಂಬ ಭಾಗವೊಂದಿರುತ್ತದೆ. ಆಸಕ್ತಿಯ ಪ್ರವರ್ತಕದ ಬೆನ್ನಿಗೆ ಲೂಸಿಫೆರೇಸ್‌ನ ವಂಶವಾಹಿಯನ್ನು ಕಟ್ಟಿದರೆ, ಮೂಲ ವಂಶವಾಹಿ ಎಚ್ಚೆತ್ತಾಗಲೆಲ್ಲ ಕೋಶ ಬೆಳಗುತ್ತದೆ. ಹೀಗೆ ಕಣ್ಣಿಗೆ ಕಾಣದ ಆದೇಶಗಳು ಕಾಣುವಂತಾದವು.

ಇದರಿಂದ ಹೆಚ್ಚು ಪ್ರಯೋಜನ ಪಡೆದ ವಿಷಯ ಜೈವಿಕ ಗಡಿಯಾರಗಳ ಅಧ್ಯಯನವೆಂದು ಹೇಳಬಹುದು. ಸುಮಾರು 24 ಗಂಟೆಗಳ ಲಯವನ್ನು ಅರಿಯಲು ಒಂದೇ ಜೀವಿಯನ್ನು ದಿನಗಟ್ಟಲೆ, ಕತ್ತಲೆಯಲ್ಲಿ, ತೊಂದರೆ ಕೊಡದೆ ಅಳೆಯಬೇಕಾಗುತ್ತದೆ; ಪ್ರತಿದೀಪ್ತಿಗೆ ಬೇಕಾದ ಬೆಳಕು ಗಡಿಯಾರವನ್ನೇ ಅಲುಗಿಸಿಬಿಡುತ್ತದೆ, ಜೀವದೀಪ್ತಿ ಹಾಗೆ ಮಾಡುವುದಿಲ್ಲ. 1993ರಲ್ಲಿ ಜಪಾನಿನ ಟಕಾವೊ ಕೊಂಡೊ ಮತ್ತು ಸಂಗಡಿಗರು ನೀಲಿಹಸಿರು ಬ್ಯಾಕ್ಟೀರಿಯಾಕ್ಕೆ ಬೆಳಕಿನ ವಂಶವಾಹಿಯನ್ನು ಸೇರಿಸಿ, ಕೋಶಕೇಂದ್ರವೇ ಇಲ್ಲದ ಇಷ್ಟು ಸರಳ ಜೀವಿಯಲ್ಲಿಯೂ ದೈನಂದಿನ ಲಯ ನಡೆಯುವುದನ್ನು ಕಂಡರು. ಆಂಡ್ರೂ ಮಿಲರ್ ಮತ್ತು ಸ್ಟೀವ್ ಕೇ ಅರಾಬಿಡಾಪ್ಸಿಸ್ ಎಂಬ ಸಾಸಿವೆಯ ಜಾತಿಯ ಪುಟ್ಟ ಗಿಡದ ಸಾವಿರಾರು ಸಸಿಗಳನ್ನು ಕತ್ತಲೆಯ ಕ್ಯಾಮೆರಾದ ಕೆಳಗಿಟ್ಟು, ಬೆಳಕಿನ ಏರಿಳಿತದ ಅವಧಿ ಕೆಟ್ಟ ಸಸಿಗಳನ್ನು ಆಯ್ದು ಗಡಿಯಾರದ ವಂಶವಾಹಿಗಳತ್ತ ಹೋದರು. 2004ರಲ್ಲಿ ಜೋಸೆಫ್ ತಕಾಹಾಶಿ ಅವರ ಗುಂಪು ಇಲಿಯ ಗಡಿಯಾರದ ಪ್ರೋಟೀನೊಂದಕ್ಕೇ ಲೂಸಿಫೆರೇಸನ್ನು ಜೋಡಿಸಿದಾಗ, ದೇಹದಿಂದ ಬೇರ್ಪಡಿಸಿ ತಟ್ಟೆಯಲ್ಲಿಟ್ಟ ಯಕೃತ್ತು, ಶ್ವಾಸಕೋಶದಂತಹ ಅಂಗಾಂಶಗಳು 20 ದಿನಗಳಿಗಿಂತ ಹೆಚ್ಚು ಕಾಲ ತಮ್ಮ ಲಯವನ್ನು ತಾವೇ ಕಾಯ್ದುಕೊಂಡವು. ಮೆದುಳಿನ ಕೇಂದ್ರ ಗಡಿಯಾರವಿಲ್ಲದೆ ಉಳಿದ ಅಂಗಗಳ ಲಯ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ ಎಂಬ ಅಲ್ಲಿಯವರೆಗಿನ ನಂಬಿಕೆ ಆ ಮಿಣುಕುಬೆಳಕಿನ ಮುಂದೆ ನಿಲ್ಲಲಿಲ್ಲ.

ಇಡೀ ಪ್ರಾಣಿಯನ್ನು ಹೊರಗಿನಿಂದ ನೋಡುವ ಪ್ರಯೋಗ 1995ರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೋಫರ್ ಕಾಂಟ್ಯಾಗ್ ಮತ್ತು ಸಂಗಡಿಗರು ಸಾಲ್ಮೊನೆಲ್ಲಾ ರೋಗಾಣುವಿಗೆ ಬೆಳಗುವ ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ಸೇರಿಸಿ ಇಲಿಗಳಿಗೆ ಸೋಂಕು ತಗುಲಿಸಿದರು, ಮತ್ತು ಇಲಿಯ ಹೊಟ್ಟೆಯೊಳಗಿನ ರೋಗಾಣುಗಳ ಬೆಳಕು ಚರ್ಮವನ್ನು ದಾಟಿ ಹೊರಬರುವುದನ್ನು ಸೂಕ್ಷ್ಮ ಕ್ಯಾಮೆರಾದಿಂದ ದಾಖಲಿಸಿದರು. ರೋಗಾಣು ತೀವ್ರವಾದದ್ದಾದರೆ ಬೆಳಕು ಹರಡಿತು, ದುರ್ಬಲವಾದದ್ದಾದರೆ ಕುಂದಿತು, ಪ್ರತಿಜೀವಕ ಕೊಟ್ಟಾಗ ಆರತೊಡಗಿತು. ಅಲ್ಲಿಯವರೆಗೆ ಸೋಂಕಿನ ಹಾದಿಯನ್ನು ಅರಿಯಬೇಕಾದರೆ ದಿನಕ್ಕಿಷ್ಟು ಇಲಿಗಳನ್ನು ಕೊಂದು ಅಂಗಗಳನ್ನು ಅರೆದು ರೋಗಾಣುಗಳನ್ನು ಎಣಿಸಬೇಕಿತ್ತು. ಈಗ ಒಂದೇ ಇಲಿಯನ್ನು ಮೊದಲ ದಿನದಿಂದ ಕೊನೆಯವರೆಗೆ ಹಿಂಬಾಲಿಸಬಹುದು, ಅದರ ಇಂದಿನ ಸ್ಥಿತಿಯನ್ನು ಅದರದೇ ನಿನ್ನೆಯ ಸ್ಥಿತಿಯೊಂದಿಗೆ ಹೋಲಿಸಬಹುದು. ಬಲಿಯಾಗುವ ಪ್ರಾಣಿಗಳ ಸಂಖ್ಯೆ ಇಳಿಯುವುದು ಈ ವಿಧಾನದ ಕಡಿಮೆ ಮುಖ್ಯವಾದ ಗುಣವೇನಲ್ಲ. ಕ್ಯಾನ್ಸರ್ ಸಂಶೋಧನೆಯಲ್ಲಿ ಇದು ಬಹುಬೇಗ ಮನೆಮಾಡಿತು: ಲೂಸಿಫೆರೇಸ್ ಹೊತ್ತ ಗೆಡ್ಡೆಯ ಕೋಶಗಳನ್ನು ಇಲಿಗೆ ಕೊಟ್ಟು, ಲೂಸಿಫೆರಿನ್ನನ್ನು ಸಾಮಾನ್ಯವಾಗಿ ದೇಹತೂಕದ ಕಿಲೋಗ್ರಾಂಗೆ 150 ಮಿಲಿಗ್ರಾಂ ಪ್ರಮಾಣದಲ್ಲಿ ಹೊಟ್ಟೆಗೆ ಚುಚ್ಚಿ, ಅರಿವಳಿಕೆ ನೀಡಿ, ಬೆಳಕು ನುಸುಳದ ಪೆಟ್ಟಿಗೆಯಲ್ಲಿ ಶೂನ್ಯಕ್ಕಿಂತ ಸುಮಾರು 90 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದ ಕ್ಯಾಮೆರಾದಡಿ ಮಲಗಿಸಿದರೆ, ಕೈಗೆ ಸಿಗದಷ್ಟು ಚಿಕ್ಕ ಗೆಡ್ಡೆಯೂ ಅದರ ಹರಡುವಿಕೆಯೂ ಬಣ್ಣದ ಚುಕ್ಕೆಗಳಾಗಿ ಮೂಡುತ್ತವೆ. ಆ ಬಣ್ಣಗಳು ನಿಜವಾದ ಬೆಳಕಿನ ಬಣ್ಣಗಳಲ್ಲ, ಬೆಳಕಿನ ಪ್ರಮಾಣವನ್ನು ಸೂಚಿಸಲು ಗಣಕಯಂತ್ರ ಬಳಿದವು ಎಂಬುದನ್ನು ಚಿತ್ರ ನೋಡುವವರು ನೆನಪಿನಲ್ಲಿಡಬೇಕು.

ದೇಹದೊಳಗಿನ ಬೆಳಕಿಗೆ ದೊಡ್ಡ ಶತ್ರು ರಕ್ತ. ಹಿಮೋಗ್ಲೋಬಿನ್ 600 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ನೀಲಿ, ಹಸಿರು, ಹಳದಿ ಬೆಳಕನ್ನು ಬಲವಾಗಿ ಹೀರುತ್ತದೆ, ಕೆಂಪನ್ನು ಮಾತ್ರ ಅಷ್ಟಿಷ್ಟು ಬಿಟ್ಟುಕೊಡುತ್ತದೆ. ಬೆರಳನ್ನು ಟಾರ್ಚಿನ ಮೇಲಿಟ್ಟರೆ ಕೆಂಪಗೆ ಕಾಣುವುದು ಇದರಿಂದಲೇ. ಕೋಣೆಯ ಉಷ್ಣತೆಯಲ್ಲಿ 560 ನ್ಯಾನೋಮೀಟರ್ ಸುತ್ತ ಹಳದಿಹಸಿರಾಗಿ ಬೆಳಗುವ ಮಿಂಚುಹುಳುವಿನ ಕಿಣ್ವ ಸಸ್ತನಿಯ ಮೈಬಿಸಿಯಲ್ಲಿ 610ರ ಆಸುಪಾಸಿಗೆ, ಅಂದರೆ ಕೆಂಪಿನತ್ತ ಸರಿಯುವುದು ವಿಜ್ಞಾನಿಗಳಿಗೆ ಒದಗಿಬಂದ ಭಾಗ್ಯವೇ ಸರಿ. 2012ರಲ್ಲಿ ಆಳಸಮುದ್ರದ ಸಿಗಡಿಯ ಕಿಣ್ವವನ್ನು ತಿದ್ದಿ ರೂಪಿಸಿದ ನ್ಯಾನೋಲಕ್ ಮಿಂಚುಹುಳುವಿನ ಕಿಣ್ವದ ಮೂರನೆಯ ಒಂದು ಭಾಗದಷ್ಟು ಚಿಕ್ಕದು, ಅದಕ್ಕಿಂತ ಸುಮಾರು 150 ಪಟ್ಟು ಪ್ರಕಾಶದ್ದು, ಎಟಿಪಿಯ ಹಂಗೂ ಅದಕ್ಕಿಲ್ಲ. ಆದರೆ ಅದರ ಬೆಳಕು 460 ನ್ಯಾನೋಮೀಟರಿನ ನೀಲಿ, ಆದ್ದರಿಂದ ತಟ್ಟೆಯಲ್ಲಿನ ಕೋಶಗಳ ಅಧ್ಯಯನದಲ್ಲಿ ಅದಕ್ಕೆ ಸಾಟಿಯಿಲ್ಲದಿದ್ದರೂ ದೇಹದ ಆಳದಲ್ಲಿ ಅದು ಸೊರಗುತ್ತದೆ.

ನೀಲಿಯನ್ನು ಬೇರೆ ಬಣ್ಣಕ್ಕೆ ತಿರುಗಿಸುವ ಉಪಾಯ ಅಂಬಲಿ ಮೀನಿನಲ್ಲೇ ಇದೆ: ಏಕೋರಿನ್ ತನ್ನ ಶಕ್ತಿಯನ್ನು ಪಕ್ಕದ ಹಸಿರು ಪ್ರೋಟೀನಿಗೆ ದಾಟಿಸುತ್ತದೆ, ಆ ಪ್ರಾಣಿ ಹಸಿರಾಗಿ ಬೆಳಗುತ್ತದೆ. ಈ ದಾಟುವಿಕೆ ಎರಡು ಅಣುಗಳು ಸುಮಾರು 10 ನ್ಯಾನೋಮೀಟರಿನೊಳಗೆ ಬಂದಾಗ ಮಾತ್ರ ನಡೆಯುವುದರಿಂದ, ಅದನ್ನೇ ದೂರ ಅಳೆಯುವ ಮಾಪಕವನ್ನಾಗಿಯೂ ಬಳಸಬಹುದು. ಒಂದು ಪ್ರೋಟೀನಿಗೆ ಲೂಸಿಫೆರೇಸನ್ನೂ ಇನ್ನೊಂದಕ್ಕೆ ಪ್ರತಿದೀಪ್ತಿಯ ಪ್ರೋಟೀನನ್ನೂ ಜೋಡಿಸಿದರೆ, ಬೆಳಕಿನ ಬಣ್ಣ ಬದಲಾದದ್ದು ಅವೆರಡೂ ಕೋಶದೊಳಗೆ ಕೈಹಿಡಿದವೆಂಬುದರ ಸಾಕ್ಷಿ; 1999ರಲ್ಲಿ ಈ ವಿಧಾನವನ್ನು ಮೊದಲು ತೋರಿಸಿದ್ದು ಆ ನೀಲಿಹಸಿರು ಬ್ಯಾಕ್ಟೀರಿಯಾದ ಗಡಿಯಾರದ ಪ್ರೋಟೀನುಗಳ ಮೇಲೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಅವರ ಗುಂಪು 2008ರಲ್ಲಿ ಇದೇ ತತ್ವದಿಂದ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶದ ಅಣುವಿಗೆ ಸಂವೇದಕವನ್ನು ರೂಪಿಸಿ, ಆ ಅಣು ತಾಗಿದಾಗ ಪ್ರೋಟೀನಿನ ಆಕಾರ ಬದಲಾಗುವುದನ್ನು ಬೆಳಕಿನ ಮೂಲಕ ಅಳೆಯಿತು.

ದೇಹದ ಆಳದಿಂದ ಬೆಳಕನ್ನು ಹೊರತರುವಲ್ಲಿ ಈವರೆಗಿನ ದೊಡ್ಡ ಜಿಗಿತ 2018ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯ ಅತ್ಸುಶಿ ಮಿಯಾವಾಕಿ ಮತ್ತು ಸಂಗಡಿಗರದು. ಅಂಗಾಂಶಗಳೊಳಕ್ಕೆ ಸುಲಭವಾಗಿ ಹರಡುವ, ಕೆಂಪು ಬೆಳಕು ನೀಡುವ ಕೃತಕ ಲೂಸಿಫೆರಿನ್ ಒಂದಕ್ಕೆ ಒಪ್ಪುವಂತೆ ಮಿಂಚುಹುಳುವಿನ ಕಿಣ್ವವನ್ನು ಹಂತಹಂತವಾಗಿ ತಿದ್ದಿ ಅವರು ರೂಪಿಸಿದ ಅಕಾಲಕ್ ಹಿಂದಿನ ಜೋಡಿಗಿಂತ 100ರಿಂದ 1,000 ಪಟ್ಟು ಹೆಚ್ಚು ಬೆಳಕನ್ನು ಪ್ರಾಣಿದೇಹದಿಂದ ಹೊರತಂದಿತು. ಇಲಿಯ ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಒಂಟಿ ಕೋಶ ಹೊರಗಿನಿಂದ ಕಾಣಿಸಿತು, ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಮೆದುಳಿನ ಆಳದ ನರಕೋಶಗಳನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಲಾಯಿತು. ಇಲ್ಲಿ ಕಿಣ್ವದಷ್ಟೇ ಉರುವಲಿನ ಸುಧಾರಣೆಯೂ ನಿರ್ಣಾಯಕವಾಯಿತು, ಏಕೆಂದರೆ ನೈಸರ್ಗಿಕ ಲೂಸಿಫೆರಿನ್ ರಕ್ತದಿಂದ ಮೆದುಳಿಗೆ ಸರಿಯಾಗಿ ದಾಟುವುದಿಲ್ಲ.

ಇಷ್ಟಾದರೂ ಈ ಚಿತ್ರಗಳನ್ನು ಓದುವಾಗ ಎಚ್ಚರ ಬೇಕು. ಗೆಡ್ಡೆಯ ಬೆಳಕು ಕುಂದಿದರೆ ಕೋಶಗಳು ಸತ್ತವೆಂದು ತೀರ್ಮಾನಿಸುವುದು ಸುಲಭ, ಆದರೆ ಬೆಳೆದ ಗೆಡ್ಡೆಯ ಒಳಭಾಗಕ್ಕೆ ರಕ್ತ ಮುಟ್ಟದೆ ಆಮ್ಲಜನಕವೂ ಲೂಸಿಫೆರಿನ್ನೂ ಕೊರತೆಯಾದರೂ ಬೆಳಕು ಕುಂದುತ್ತದೆ. ಇಲಿಗೆ ಕೊಡುವ ಅರಿವಳಿಕೆಯೂ ಅಳತೆಯನ್ನು ಬದಲಿಸಬಲ್ಲದು: ಮಿಂಚುಹುಳುವಿನ ಕಿಣ್ವವನ್ನು ಅರಿವಳಿಕೆಗಳು ಎಷ್ಟು ಸ್ಪಷ್ಟವಾಗಿ ತಡೆಯುತ್ತವೆಂದರೆ, ಅರಿವಳಿಕೆ ಪ್ರೋಟೀನುಗಳ ಮೇಲೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು 1984ರಲ್ಲಿ ಫ್ರಾಂಕ್ಸ್ ಮತ್ತು ಲೀಬ್ ಆ ಕಿಣ್ವವನ್ನೇ ಮಾದರಿಯಾಗಿ ಬಳಸಿದರು. ಔಷಧಗಳ ಹುಡುಕಾಟದಲ್ಲಿ ಈ ಎಚ್ಚರದ ಬೆಲೆ ಇನ್ನೂ ದೊಡ್ಡದು. ವಂಶವಾಹಿಯಲ್ಲಿ ಅಕಾಲಿಕವಾಗಿ ಬಂದ ನಿಲುಗಡೆಯ ಸಂಕೇತವನ್ನು ಕೋಶ ದಾಟಿಹೋಗುವಂತೆ ಮಾಡುತ್ತದೆಂದು ಆಯ್ಕೆಯಾದ ಪಿಟಿಸಿ124 ಎಂಬ ರಾಸಾಯನಿಕವನ್ನು ಹುಡುಕಿದ್ದು ಲೂಸಿಫೆರೇಸ್‌ನ ಬೆಳಕಿನ ಪರೀಕ್ಷೆಯಿಂದ. ಆ ರಾಸಾಯನಿಕ ಲೂಸಿಫೆರೇಸ್ ಕಿಣ್ವಕ್ಕೇ ಅಂಟಿಕೊಂಡು ಅದು ಕೋಶದಲ್ಲಿ ಬೇಗ ಕರಗದಂತೆ ತಡೆಯುತ್ತದೆ, ಆದ್ದರಿಂದ ಬೆಳಕು ಹೆಚ್ಚಿದಂತೆ ಕಾಣುತ್ತದೆ ಎಂದು 2009ರಲ್ಲಿ ಡಗ್ಲಸ್ ಆಲ್ಡ್ ಮತ್ತು ಸಂಗಡಿಗರು ತೋರಿಸಿದ ಮೇಲೆ ದೀರ್ಘವಾದ ವಿವಾದ ನಡೆಯಿತು. ಅಳೆಯುವ ಕೋಲೇ ಅಳೆಯಬೇಕಾದ ವಸ್ತುವಿನೊಂದಿಗೆ ಬೆರೆತರೆ ಹೀಗಾಗುತ್ತದೆ, ಮತ್ತು ಅದರಿಂದ ಪಾರಾಗುವ ದಾರಿಯೆಂದರೆ ರಾಸಾಯನಿಕವಾಗಿ ಬೇರೆಯಾದ ಎರಡನೆಯ ಕಿಣ್ವದಿಂದ ಫಲಿತಾಂಶವನ್ನು ಮತ್ತೆ ಪರೀಕ್ಷಿಸುವುದು.

ಸ್ಥಳದ ಪ್ರಶ್ನೆಯಲ್ಲಿಯೂ ಮಿತಿಯಿದೆ. ಅಂಗಾಂಶದಲ್ಲಿ ಬೆಳಕು ಚದುರುತ್ತ ಬರುವುದರಿಂದ ಆಳದ ಚಿಕ್ಕ ಚುಕ್ಕೆ ಹೊರಗೆ ದೊಡ್ಡ ಮಸುಕಾಗಿ ಕಾಣುತ್ತದೆ. ಆಳದ ಪ್ರಬಲ ಮೂಲಕ್ಕೂ ಚರ್ಮದಡಿಯ ದುರ್ಬಲ ಮೂಲಕ್ಕೂ ಒಂದು ಚಿತ್ರದಿಂದ ವ್ಯತ್ಯಾಸ ಹೇಳುವುದು ಕಷ್ಟ. ಕಪ್ಪು ರೋಮದ ಇಲಿಯಲ್ಲಿ ಬೆಳಕು ಇನ್ನೂ ಕಡಿಮೆ. ಎಷ್ಟು ಮತ್ತು ಯಾವಾಗ ಎಂಬ ಪ್ರಶ್ನೆಗಳಿಗೆ ಜೀವದೀಪ್ತಿ ಕೊಡುವ ಉತ್ತರದಷ್ಟು ಖಚಿತವಾದ ಉತ್ತರವನ್ನು ಎಲ್ಲಿ ಎಂಬ ಪ್ರಶ್ನೆಗೆ ಅದರಿಂದ ನಿರೀಕ್ಷಿಸಬಾರದು. ಮನುಷ್ಯರ ದೇಹದ ದಪ್ಪ, ಪರಕೀಯ ವಂಶವಾಹಿಯನ್ನು ಸೇರಿಸಬೇಕಾದ ಅಗತ್ಯ, ಪರಕೀಯ ಪ್ರೋಟೀನನ್ನು ಎದುರಿಸುವ ರೋಗನಿರೋಧಕ ಶಕ್ತಿ, ಇವುಗಳಿಂದಾಗಿ ಈ ವಿಧಾನ ರೋಗಿಯ ಹಾಸಿಗೆಯವರೆಗೆ ಬಂದಿಲ್ಲ. ಆದರೆ ರೋಗಿಯಿಂದ ಪಡೆದ ಮಾದರಿಯ ಮೇಲೆ ಅದು ಕೆಲಸ ಮಾಡಬಲ್ಲದು: 1993ರಲ್ಲಿ ವಿಲಿಯಂ ಜೇಕಬ್ಸ್ ಮತ್ತು ಸಂಗಡಿಗರು ಕ್ಷಯದ ಬ್ಯಾಕ್ಟೀರಿಯಾಕ್ಕೆ ಸೋಂಕು ತಗುಲಿಸುವ ವೈರಾಣುವೊಂದಕ್ಕೆ ಲೂಸಿಫೆರೇಸ್‌ನ ವಂಶವಾಹಿಯನ್ನು ಹೊರಿಸಿದರು; ಔಷಧ ಕೊಟ್ಟ ಮೇಲೂ ಬ್ಯಾಕ್ಟೀರಿಯಾ ಬೆಳಗಿದರೆ ಅದರಲ್ಲಿ ಎಟಿಪಿ ಉಳಿದಿದೆ, ಅಂದರೆ ಆ ಔಷಧಕ್ಕೆ ಅದು ಬಗ್ಗಿಲ್ಲ. ನಿಧಾನವಾಗಿ ಬೆಳೆಯುವ ಕ್ಷಯಾಣುವನ್ನು ವಾರಗಟ್ಟಲೆ ಬೆಳೆಸಿ ನೋಡಬೇಕಾದ ಪರೀಕ್ಷೆಗೆ ಇದೊಂದು ವೇಗದ ದಾರಿಯನ್ನು ತೋರಿತು, ಕ್ಷಯದ ಹೊರೆ ಹೊತ್ತ ಭಾರತದಂತಹ ದೇಶಕ್ಕೆ ಅಂತಹ ದಾರಿಗಳ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಉಳಿದಿರುವ ದೊಡ್ಡ ತೊಡಕು ಉರುವಲಿನದು. ಲೂಸಿಫೆರಿನ್ನನ್ನು ಹೊರಗಿನಿಂದ ಕೊಡುವವರೆಗೂ ಅಳತೆ ಮಧ್ಯೆ ಮಧ್ಯೆ ಕಡಿಯುತ್ತದೆ, ಚುಚ್ಚಿದ ಕ್ಷಣದಿಂದ ಕಾಲ ಲೆಕ್ಕಹಾಕಬೇಕಾಗುತ್ತದೆ. ಬೆಳಗುವ ಬ್ಯಾಕ್ಟೀರಿಯಾ ತನ್ನ ಉರುವಲನ್ನು ತಾನೇ ತಯಾರಿಸಿಕೊಳ್ಳುವ ವಂಶವಾಹಿಗಳನ್ನೂ ಒಟ್ಟಿಗೇ ಇಟ್ಟುಕೊಂಡಿದೆ. 1983ರಲ್ಲೇ ಪ್ರತ್ಯೇಕಿಸಲಾದ ಆ ಗುಚ್ಛವನ್ನು ಸಸ್ತನಿಯ ಕೋಶಗಳಿಗೆ ಹೊಂದುವಂತೆ ತಿದ್ದಿ, 2019ರಲ್ಲಿ ಜರ್ಮನಿಯ ಸ್ಟೆಫಾನ್ ಹೆಲ್ ಅವರ ಗುಂಪು ಏನನ್ನೂ ಸೇರಿಸದೆ ತಾವಾಗಿಯೇ ಬೆಳಗುವ ಒಂಟಿ ಕೋಶಗಳನ್ನು ಚಿತ್ರಿಸಿತು. ಅಣಬೆಯ ದಾರಿ 2018ರಲ್ಲಿ ಪೂರ್ತಿಯಾಗಿ ಬಿಡಿಸಿಕೊಂಡಿತು, ಮತ್ತು ಅದು ಶುರುವಾಗುವ ಕೆಫೀಕ್ ಆಮ್ಲ ಎಲ್ಲ ಗಿಡಗಳಲ್ಲಿಯೂ ಇರುವ ವಸ್ತುವಾದ್ದರಿಂದ, 2020ರಲ್ಲಿ ಬೀಜದಿಂದ ಹೂವಿನವರೆಗೆ ಹಸಿರಾಗಿ ತಾನೇ ಬೆಳಗುವ ತಂಬಾಕಿನ ಗಿಡ ಸಿದ್ಧವಾಯಿತು. 1986ರ ಗಿಡಕ್ಕೆ ಬೇಕಾಗಿದ್ದ ಲೂಸಿಫೆರಿನ್ ಬೆರೆಸಿದ ನೀರು ಇದಕ್ಕೆ ಬೇಕಿರಲಿಲ್ಲ. ಅದೇ ವಂಶವಾಹಿಗಳ ಪೆಟೂನಿಯಾ ಹೂಗಿಡ 2024ರಿಂದ ಅಮೆರಿಕದಲ್ಲಿ ಮಾರಾಟಕ್ಕೂ ಬಂದಿದೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಮಿಂಚುಹುಳುವಿನ ಬೆಳಕಿನ ವಿಷಯದಲ್ಲಿ ಮಾತ್ರ ಕೆಲಸ ಅರ್ಧದಲ್ಲಿದೆ: ಅದರ ಕಿಣ್ವದ ವಂಶವಾಹಿ ಕೈಸೇರಿ ನಾಲ್ಕು ದಶಕಗಳಾದರೂ, ಆ ಹುಳು ತನ್ನ ಲೂಸಿಫೆರಿನ್ನನ್ನು ಯಾವ ಯಾವ ಕಿಣ್ವಗಳಿಂದ ಹೊಸೆದುಕೊಳ್ಳುತ್ತದೆಂಬ ದಾರಿ ಪೂರ್ಣವಾಗಿ ಬಿಡಿಸಿಕೊಂಡಿಲ್ಲ, ಆದ್ದರಿಂದ ಪ್ರಯೋಗಾಲಯದ ಇಲಿಗೆ ಚುಚ್ಚುಮದ್ದು ಇನ್ನೂ ತಪ್ಪಿಲ್ಲ.